ಜರ್ಸಿ ಟ್ರಸ್ಟ್ ಜಗಳ: ಸಾಲಿಸಿಟರ್, ಅಡ್ವೊಕೇಟ್ ಇಬ್ಬರೂ ಇರುವಾಗ ಮೇಲೊಬ್ಬ ಬ್ಯಾರಿಸ್ಟರ್ ಯಾಕೆ?

ರೀಡಿಂಗ್‌ನವನು

ಎಲ್ಲರಿಗೂ ನಮಸ್ಕಾರ. ಮನೆ ವಿಷಯ, ಹಾಗಾಗಿ ಹೆಸರುಗಳನ್ನ ಬಿಟ್ಟು ಬರೀತಿದ್ದೀನಿ.

ನಮ್ಮ ಚಿಕ್ಕಪ್ಪ ಡಾಕ್ಟರು. ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿಗೆ ಬಂದವರು. ನಡುವೆ ಹತ್ತು ವರ್ಷ ಗಲ್ಫಲ್ಲಿ ದುಡಿದು ಮತ್ತೆ ಇಲ್ಲಿಗೇ ವಾಪಸ್ ಬಂದ್ರು. ಆ ಗಲ್ಫ್ ದುಡ್ಡನ್ನ 1998ರಲ್ಲಿ ಜರ್ಸಿ ದ್ವೀಪದಲ್ಲಿ ಒಂದು ಡಿಸ್ಕ್ರೀಷನರಿ ಟ್ರಸ್ಟ್ (ಯಾರಿಗೆ ಎಷ್ಟು ಅಂತ ಟ್ರಸ್ಟಿಯೇ ತೀರ್ಮಾನಿಸೋ ಟ್ರಸ್ಟ್) ಮಾಡಿ ಇಟ್ಟಿದ್ರು. ಫಲಾನುಭವಿಗಳ ಪಟ್ಟಿಯಲ್ಲಿ ಅವರ ಹೆಂಡತಿ, ಮಕ್ಕಳು, ಜೊತೆಗೆ ತೀರಿಹೋದ ಅಣ್ಣನ ಮಕ್ಕಳು, ಅಂದ್ರೆ ನಾನು ಮತ್ತು ನನ್ನ ತಂಗಿ. ನಮ್ಮಿಬ್ಬರ ಕಾಲೇಜು ಫೀಸು ಅದರಿಂದಲೇ ಹೋಗಿದ್ದು.

ಚಿಕ್ಕಪ್ಪ ಹೋದ ವರ್ಷ ತೀರಿಕೊಂಡ್ರು. ಮೂರು ತಿಂಗಳಾದ ಮೇಲೆ ಟ್ರಸ್ಟಿ ಕಂಪನಿಯಿಂದ ಒಂದೂವರೆ ಪುಟದ ಪತ್ರ ಬಂತು. ನೀವಿಬ್ಬರೂ ಈಗ ಫಲಾನುಭವಿಗಳಲ್ಲ, ಡೀಡ್ ಆಫ್ ಎಕ್ಸ್‌ಕ್ಲೂಷನ್ ಮೂಲಕ ನಿಮ್ಮನ್ನ ಕೈಬಿಟ್ಟಿದ್ದೀವಿ ಅಂತ. ಆ ಡೀಡಿನ ತಾರೀಖು ನೋಡಿದ್ರೆ ಚಿಕ್ಕಪ್ಪ ಹೋಗೋಕೆ ಹನ್ನೊಂದು ವಾರ ಮುಂಚಿನದ್ದು. ಆಗ ಅವರು ಆಸ್ಪತ್ರೆಯಲ್ಲಿದ್ರು, ನನ್ನನ್ನೇ ಗುರುತು ಹಿಡೀತಿರಲಿಲ್ಲ. ಪ್ರೊಟೆಕ್ಟರ್ (ಟ್ರಸ್ಟಿ ಮೇಲೆ ಕಣ್ಣಿಡೋರು) ಅಂತ ಒಪ್ಪಿಗೆ ಸಹಿ ಹಾಕಿರೋದು ಚಿಕ್ಕಮ್ಮ. ಎರಡನೇ ಮದುವೆಯವರು. ಅವರ ಬಗ್ಗೆ ಇಲ್ಲಿ ಇನ್ನೇನೂ ಬರೆಯಲ್ಲ.

ಇಲ್ಲಿನ ಸಾಲಿಸಿಟರ್ (ಕಾಗದ ಪತ್ರ ನೋಡ್ಕೊಳ್ಳೋ ವಕೀಲರು) ಹತ್ರ ಹೋದೆ. ಅವರು ಮೊದಲು ಜರ್ಸಿಯ ಒಬ್ಬ ಅಡ್ವೊಕೇಟ್ ಬೇಕು ಅಂದ್ರು. ಸರಿ, ದೇಶ ಬೇರೆ, ಅರ್ಥ ಆಯ್ತು. ಆಮೇಲೆ, "ಆಫ್‌ಶೋರ್ ಟ್ರಸ್ಟ್ ಮಾಡೋ ಚಾನ್ಸರಿ ಬ್ಯಾರಿಸ್ಟರ್ ಒಬ್ಬರ ಒಪೀನಿಯನ್ ತಗೋಬೇಕು, ಆಗೋದಾದ್ರೆ ಕೆಸಿ" ಅಂದ್ರು. ಅಂದ್ರೆ ಟ್ರಸ್ಟ್, ಆಸ್ತಿ ಕಾನೂನಲ್ಲಿ ಪಳಗಿದ, ಕೋರ್ಟಲ್ಲಿ ವಾದಿಸೋ ವಕೀಲರು; ಕೆಸಿ ಅಂದ್ರೆ ಕಿಂಗ್ಸ್ ಕೌನ್ಸೆಲ್, ಅವರಲ್ಲೇ ಹಿರಿಯ ದರ್ಜೆಯವರು. ಆ ಬ್ಯಾರಿಸ್ಟರ್‌ಗೆ ಜರ್ಸಿ ಕೋರ್ಟಲ್ಲಿ ಎದ್ದು ನಿಂತು ಮಾತಾಡೋ ಹಕ್ಕೇ ಇಲ್ಲವಂತೆ! ಮತ್ತೆ ಯಾಕೆ ಅಂತ ಕೇಳಿದ್ರೆ ಸಾಲಿಸಿಟರ್ ನಕ್ಕು, "ಎಲ್ಲರೂ ಹಾಗೇ ಮಾಡೋದು" ಅಂದ್ರು. ಒಂದು ಕಾಗದಕ್ಕೆ ಮೂರು ಜನ ವಕೀಲರಾ? ಈ ದಾರೀಲಿ ಹೋಗಿಬಂದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ನೇರಮಾತು

ಸುಲಿಗೆ ಸರ್, ಇನ್ನೇನಿಲ್ಲ. ಒಬ್ಬ ಇನ್ನೊಬ್ಬನಿಗೆ ಕೆಲಸ ಹುಡುಕಿಕೊಡ್ತಾನೆ ಅಷ್ಟೆ. ಈಗ ಪಬ್ಲಿಕ್ ಆಕ್ಸೆಸ್ ಅಂತ ಇದೆ, ಸಾಲಿಸಿಟರ್ ಇಲ್ಲದೆ ನೇರವಾಗಿ ಬ್ಯಾರಿಸ್ಟರ್ ಹತ್ರ ಹೋಗಬಹುದು. ಇಲ್ಲಾಂದ್ರೆ ಇಂಗ್ಲೆಂಡಲ್ಲೇ 1975ರ ಇನ್‌ಹೆರಿಟೆನ್ಸ್ ಆಕ್ಟ್ ಕೆಳಗೆ ಕೇಸ್ ಹಾಕಿ. ಜರ್ಸಿಗೆ ಹೋಗೋ ತಾಪತ್ರಯವೇ ಬೇಡ.

ಹಳೇ ಟ್ರಸ್ಟ್ ಆಫೀಸರ್

ರೀಡಿಂಗ್‌ನವರೇ, ಮೊದಲು ನಾನು ಯಾವ ಕಡೆಯವಳು ಅಂತ ಹೇಳಿಬಿಡ್ತೀನಿ. ಜರ್ಸಿಯ ರಾಜಧಾನಿ ಸೇಂಟ್ ಹೆಲಿಯರ್‌ನಲ್ಲಿ ಹದಿನಾರು ವರ್ಷ ಟ್ರಸ್ಟಿ ಕಂಪನಿಗಳಲ್ಲಿ ಕೆಲಸ ಮಾಡಿದೆ. ನಿಮಗೆ ಬಂತಲ್ಲ, ಅಂಥ ಒಂದೂವರೆ ಪುಟದ ಪತ್ರ ಬರೆಯೋದೇ ನನ್ನ ಕೆಲಸ. ವಕೀಲೆ ಅಲ್ಲ. ಈಗ ಕೆಲಸ ಬಿಟ್ಟಿದ್ದೀನಿ, ಅದಕ್ಕೇ ಇಷ್ಟು ಬಾಯಿ ಬಿಡ್ತಿದ್ದೀನಿ.

ನಮ್ಮ ಮೇಜಿಗೆ ಬರ್ತಿದ್ದ ತಕರಾರಿನ ಪತ್ರಗಳಲ್ಲಿ ಎರಡು ಜಾತಿ. ಒಂದು ಜಾತಿ ಹೀಗೆ: "ನಮ್ಮ ಕಕ್ಷಿದಾರರಿಗೆ ತೀವ್ರ ಆಘಾತವಾಗಿದೆ, ಟ್ರಸ್ಟಿನ ಎಲ್ಲ ದಾಖಲೆಗಳನ್ನು ಹದಿನಾಲ್ಕು ದಿನದೊಳಗೆ ಒದಗಿಸತಕ್ಕದ್ದು, ತಪ್ಪಿದಲ್ಲಿ..." ಇತ್ಯಾದಿ. ಇದಕ್ಕೆ ನಮ್ಮಲ್ಲಿ ರೆಡಿ ಉತ್ತರ ಇರ್ತಿತ್ತು, ಹೆಸರು ತಾರೀಖು ಬದಲಾಯಿಸಿ ಕಳಿಸೋದು. ಇನ್ನೊಂದು ಜಾತಿ ಎರಡೇ ಪ್ಯಾರಾ. "ಡೀಡಿನ ಇಂಥ ಕಲಮಿನ ಅಧಿಕಾರವನ್ನು ಯಾವ ಉದ್ದೇಶಕ್ಕೆ ಚಲಾಯಿಸಿದಿರಿ? ಆ ದಿನದ ಮಿನಿಟ್ಸ್ (ಸಭೆಯ ನಡಾವಳಿ) ಇದೆಯೇ? ಅದನ್ನು ಬರೆದದ್ದು ಸಹಿಗೆ ಮುಂಚೆಯೋ ಆಮೇಲೋ?" ಇಂಥದ್ದು ಬಂದ ದಿನ ನಮ್ಮ ಡೈರೆಕ್ಟರು ಮಧ್ಯಾಹ್ನದ ಊಟಕ್ಕೆ ಏಳ್ತಿರಲಿಲ್ಲ. ಲೆಟರ್‌ಹೆಡ್ ಸಾಲಿಸಿಟರ್‌ದ್ದೇ ಇರುತ್ತೆ, ಆದ್ರೆ ಹಿಂದೆ ಕೂತು ಬರೆಸಿದ ಕೈ ಬೇರೆ ಅಂತ ಎರಡನೇ ವಾಕ್ಯಕ್ಕೇ ಗೊತ್ತಾಗಿಬಿಡ್ತಿತ್ತು. ನೀವು ದುಡ್ಡು ಕೊಡೋದು ಆ ಕೈಗೆ.

ಮಿನಿಟ್ಸ್ ಅಂದಾಗ ನನ್ನದೇ ಒಂದು ಪಾಪ ನೆನಪಾಗುತ್ತೆ. ಒಂದು ಸಲ ಪ್ರೊಟೆಕ್ಟರ್ ಕಡೆಯಿಂದ ಇಮೇಲ್ ಬಂದದ್ದು ಬೆಳಿಗ್ಗೆ 10.40ಕ್ಕೆ, ಇಂಥವರನ್ನ ಪಟ್ಟಿಯಿಂದ ತೆಗೀರಿ ಅಂತ. ಡೀಡಿಗೆ ಸಹಿ ಬಿದ್ದದ್ದು 11.15ಕ್ಕೆ. "ಟ್ರಸ್ಟಿಗಳು ಎಲ್ಲ ಫಲಾನುಭವಿಗಳ ಪರಿಸ್ಥಿತಿಯನ್ನು ಸುದೀರ್ಘವಾಗಿ ಪರಿಶೀಲಿಸಿದರು" ಅಂತ ಮಿನಿಟ್ಸ್ ಟೈಪ್ ಮಾಡಿದವಳು ನಾನು. ಮೂವತ್ತೈದು ನಿಮಿಷದ ಸುದೀರ್ಘ. ಎರಡು ವರ್ಷ ಕಳೆದು ಲಂಡನ್ನಿನ ಒಬ್ಬ ಬ್ಯಾರಿಸ್ಟರ್ ಆ ಎರಡು ಹೊತ್ತನ್ನ ಒಂದೇ ಸಾಲಲ್ಲಿ ಪಕ್ಕಪಕ್ಕ ಇಟ್ಟು ಬರೆದಿದ್ರು, ಒಂದು ವಿಶೇಷಣ ಕೂಡ ಸೇರಿಸದೆ. ಆ ಕೇಸು ಕೋರ್ಟಿನ ಮೆಟ್ಟಿಲು ಹತ್ತಲೇ ಇಲ್ಲ, ರಾಜಿ ಆಯ್ತು.

ಈಗ ನಿಮ್ಮ ಮೂರು ಜನದ ಲೆಕ್ಕ. ಜರ್ಸಿ ಯುಕೆ ಭಾಗ ಅಲ್ಲ, ಅದಕ್ಕೆ ಅದರದ್ದೇ ಕಾನೂನು, ಅದರದ್ದೇ ರಾಯಲ್ ಕೋರ್ಟ್. ಅಲ್ಲಿ ನಿಮ್ಮ ಪರ ನಿಂತು ವಾದ ಮಾಡೋದು ಜರ್ಸಿ ಅಡ್ವೊಕೇಟ್ ಮಾತ್ರ. ಆದ್ರೆ ಇಡೀ ದ್ವೀಪದ ಜನಸಂಖ್ಯೆ ಒಂದು ಲಕ್ಷದ ಮೇಲೆ ಸ್ವಲ್ಪ. 1984ರ ಟ್ರಸ್ಟ್ಸ್ ಜರ್ಸಿ ಲಾ ನಿಂತಿರೋದು ಇಂಗ್ಲಿಷ್ ಚಾನ್ಸರಿ ಕೋರ್ಟಿನ ಇನ್ನೂರು ಮುನ್ನೂರು ವರ್ಷದ ತೀರ್ಪುಗಳ ಮೇಲೆ. ಆ ತೀರ್ಪುಗಳನ್ನ ದಿನಾ ಬೆಳಗಾದ್ರೆ ಅರೆಯೋರು ಲಂಡನ್ನಿನ ಲಿಂಕನ್ಸ್ ಇನ್ ಸುತ್ತಮುತ್ತ ಕೂತಿರೋ ಕೆಲವೇ ಕೆಲವು ಜನ. ಇವತ್ತು ಜರ್ಸಿ, ನಾಳೆ ಬರ್ಮುಡಾ, ನಾಡಿದ್ದು ಕೇಮನ್, ಎಲ್ಲ ಕಡೆಯ ಡೀಡೂ ಅವರ ಮೇಜಿಗೆ ಬರುತ್ತೆ. ಜರ್ಸಿ ಅಪೀಲು ಕೋರ್ಟಲ್ಲಿ ಕೂರೋ ನ್ಯಾಯಾಧೀಶರಲ್ಲೂ ಇಂಗ್ಲಿಷ್ ಕೆಸಿಗಳಿರ್ತಾರೆ. ಅದರ ಮೇಲೆ ಹೋದ್ರೆ ಲಂಡನ್ನಿನ ಪಾರ್ಲಿಮೆಂಟ್ ಸ್ಕ್ವೇರಲ್ಲಿರೋ ಪ್ರಿವಿ ಕೌನ್ಸಿಲ್, ಇಂಥ ದ್ವೀಪಗಳ ಕೊನೆಯ ಅಪೀಲು ಕೋರ್ಟು. ಅಲ್ಲಿ ಮಾತ್ರ ನಿಮ್ಮ ಬ್ಯಾರಿಸ್ಟರ್ ತಾವೇ ಎದ್ದು ನಿಲ್ಲಬಹುದು. ಹಾಗಾಗಿ ಅಡ್ವೊಕೇಟ್ ನಿಮ್ಮ ಬಾಯಿ, ಸಾಲಿಸಿಟರ್ ಕೈಕಾಲು, ಬ್ಯಾರಿಸ್ಟರ್ ತಲೆ ಅಂದ್ಕೊಳ್ಳಿ. ಜರ್ಸಿ ಅಡ್ವೊಕೇಟರು ಇದನ್ನ ಓದಿದ್ರೆ ನನ್ನ ಮೇಲೆ ಕೋಪ ಮಾಡ್ಕೋತಾರೆ, ಅವರಲ್ಲೂ ತಲೆ ಇರೋರು ಬೇಕಾದಷ್ಟು ಜನ. ನಿಜ ಹೇಳಬೇಕಂದ್ರೆ ಸಣ್ಣ ಫಂಡಾದ್ರೆ ಒಳ್ಳೆ ಅಡ್ವೊಕೇಟ್ ಒಬ್ಬರೇ ಸಾಕು. ಎಷ್ಟಿದೆ ಅಂತ ನೀವು ಬರೆದಿಲ್ಲ, ಬರೆಯೋದೂ ಬೇಡ.

ಹಾಗಾದ್ರೆ ಬ್ಯಾರಿಸ್ಟರ್ ಮಾಡೋದೇನು? ಪ್ರಶ್ನೆ ತಿದ್ದೋದು. ನಿಮ್ಮ ಪೋಸ್ಟಲ್ಲೇ ನೋಡಿ, ನಿಮ್ಮ ಸಿಟ್ಟೆಲ್ಲ "ಚಿಕ್ಕಪ್ಪನಿಗೆ ಪ್ರಜ್ಞೆ ಇರಲಿಲ್ಲ" ಅನ್ನೋದರ ಮೇಲೆ. ಆದ್ರೆ ನಿಮ್ಮನ್ನ ತೆಗೆದದ್ದು ಚಿಕ್ಕಪ್ಪ ಅಲ್ಲ, ಟ್ರಸ್ಟಿ. ಒಪ್ಪಿಗೆ ಕೊಟ್ಟದ್ದು ಪ್ರೊಟೆಕ್ಟರ್. ಚಿಕ್ಕಪ್ಪನ ಸಹಿ ಆ ಕಾಗದಕ್ಕೆ ಬೇಕಾಗಿಯೇ ಇರಲಿಲ್ಲವೇನೋ, ಟ್ರಸ್ಟಿನ ಮೂಲ ಡೀಡ್ ನೋಡಬೇಕು. ಬೇಕಾಗಿರಲಿಲ್ಲ ಅಂದ್ರೆ ಅವರ ಪ್ರಜ್ಞೆಯ ಮಾತು ಕೋರ್ಟಲ್ಲಿ ಕಣ್ಣೀರು ತರಿಸುತ್ತೆ, ಆದೇಶ ತರಲ್ಲ. ಕೇಳಬೇಕಾದ್ದು ಒಂದೇ: ಟ್ರಸ್ಟಿ ಆ ಅಧಿಕಾರವನ್ನ ಯಾವ ಉದ್ದೇಶಕ್ಕೆ ಬಳಸಿದ್ರು?

ಇದನ್ನ ಅವರ ಭಾಷೇಲಿ ಫ್ರಾಡ್ ಆನ್ ಎ ಪವರ್ ಅಂತಾರೆ. ಹೆಸರು ನೋಡಿ ಹೆದರಬೇಡಿ, ಚಿಕ್ಕಮ್ಮನ ಮೇಲೆ ಮೋಸದ ಆಪಾದನೆ ಮಾಡಬೇಕಾಗಿಲ್ಲ. ಕೊಟ್ಟ ಅಧಿಕಾರವನ್ನ ಕೊಟ್ಟ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಿದ್ರೆ ಸಾಕು, ಮನಸ್ಸು ಎಷ್ಟೇ ಶುದ್ಧ ಇದ್ರೂ. ಇದನ್ನ ಬಿಡಿಸಿ ಹೇಳಿದ ಹಳೇ ತೀರ್ಪು, 1915ರ ವರದಿಯಲ್ಲಿರೋ ವ್ಯಾಚರ್ ವರ್ಸಸ್ ಪಾಲ್, ಪ್ರಿವಿ ಕೌನ್ಸಿಲಿಗೆ ಹೋಗಿದ್ದೇ ಜರ್ಸಿಯಿಂದ. ಹೊಸದು 2022ರ ಡಿಸೆಂಬರಿನ ಗ್ರ್ಯಾಂಡ್ ವ್ಯೂ, ಬರ್ಮುಡಾದಿಂದ ಹೋದದ್ದು. ತೈವಾನಿನ ಫಾರ್ಮೋಸಾ ಪ್ಲಾಸ್ಟಿಕ್ಸ್ ಕಟ್ಟಿದ ವಾಂಗ್ ಅಣ್ಣತಮ್ಮಂದಿರ ಕುಟುಂಬದ ಟ್ರಸ್ಟ್. ಫಲಾನುಭವಿಗಳನ್ನ ಸೇರಿಸೋ, ತೆಗೆಯೋ ಅಧಿಕಾರ ಡೀಡಲ್ಲಿ ಸ್ಪಷ್ಟವಾಗೇ ಇತ್ತು. 2005ರಲ್ಲಿ ಟ್ರಸ್ಟಿ ಏನು ಮಾಡ್ತು, ಮನೆಯವರನ್ನೆಲ್ಲ ಗುಡಿಸಿ ಹೊರಗೆ ಹಾಕಿ ಪೂರ್ತಿ ಆಸ್ತಿಯನ್ನ ಇನ್ನೊಂದು ಪರ್ಪಸ್ ಟ್ರಸ್ಟಿಗೆ (ಫಲಾನುಭವಿಗಳಿಗಲ್ಲ, ಒಂದು ಉದ್ದೇಶಕ್ಕೆ ಅಂತ ಇರೋ ಟ್ರಸ್ಟ್) ಸಾಗಿಸ್ತು. ಮೊದಲ ಕೋರ್ಟು ತಪ್ಪು ಅಂತು, ಅಪೀಲು ಕೋರ್ಟು ಸರಿ ಅಂತು, ಪ್ರಿವಿ ಕೌನ್ಸಿಲ್ ಮತ್ತೆ ತಪ್ಪು ಅಂತು. ಅಕ್ಷರದಲ್ಲಿ ಅಧಿಕಾರ ಇದ್ರೆ ಸಾಲದು, ಮನೆಯವರ ಹಿತಕ್ಕೆ ಅಂತ ಮಾಡಿದ ಟ್ರಸ್ಟಲ್ಲಿ ಆ ಅಧಿಕಾರವೂ ಅವರ ಹಿತಕ್ಕೇ ಇರೋದು ಅಂತ.

ಕುಣಿಯಬೇಡಿ. ಅಲ್ಲಿ ಮನೆಯವರೆಲ್ಲರನ್ನೂ ಹೊರಗೆ ಹಾಕಿದ್ರು. ನಿಮ್ಮಲ್ಲಿ ಇಬ್ಬರನ್ನ ತೆಗೆದು ಉಳಿದವರನ್ನ ಇಟ್ಕೊಂಡಿದ್ದಾರೆ. ಆ ವ್ಯತ್ಯಾಸ ನಿಮ್ಮನ್ನ ಮುಳುಗಿಸುತ್ತಾ ಇಲ್ಲವಾ ಅಂತ ಹೇಳೋದಕ್ಕೇ ಆ ಮೂರನೇ ಮನುಷ್ಯ.

ದಾಖಲೆ ವಿಷಯ. ನನಗೆ ಹಕ್ಕಿದೆ ಕೊಡಿ ಅಂತ ಮೇಜು ಕುಟ್ಟೋ ಕಾಲ ಹೋಯ್ತು. 2003ರಲ್ಲಿ ಶ್ಮಿಟ್ ವರ್ಸಸ್ ರೋಸ್‌ವುಡ್ ಅಂತ ಐಲ್ ಆಫ್ ಮ್ಯಾನಿನ ಕೇಸು. ರಷ್ಯಾದ ತೈಲ ಕಂಪನಿಯೊಂದರ ದೊಡ್ಡ ಅಧಿಕಾರಿ ಉಯಿಲೂ ಬರೆಯದೆ ಹಠಾತ್ ತೀರಿಹೋದ್ರು, ಮಗ ಟ್ರಸ್ಟಿನ ಕಾಗದ ಕೇಳ್ದ. ದಾಖಲೆ ಫಲಾನುಭವಿಯ ಆಸ್ತಿ ಅನ್ನೋ ಲೆಕ್ಕದಲ್ಲಿ ಅಲ್ಲ, ಟ್ರಸ್ಟಿನ ಮೇಲೆ ಕಣ್ಣಿಡೋ ಅಧಿಕಾರ ಕೋರ್ಟಿಗಿದೆ ಅನ್ನೋ ಲೆಕ್ಕದಲ್ಲಿ ಕೊಡಿಸಬಹುದು ಅಂತ ಪ್ರಿವಿ ಕೌನ್ಸಿಲ್ ಹೇಳ್ತು. ಪಕ್ಕಾ ಪಾಲು ಇಲ್ಲದ ಡಿಸ್ಕ್ರೀಷನರಿ ಫಲಾನುಭವಿಗಳಿಗೂ ಬಾಗಿಲು ತೆರೀತು, ಆದ್ರೆ ಕೀಲಿಕೈ ಕೋರ್ಟಿನ ಹತ್ರ. ಜರ್ಸಿ ಕಾನೂನಿನ 29ನೇ ಆರ್ಟಿಕಲ್ಲಲ್ಲಿ ಲೆಕ್ಕಪತ್ರ ಕೇಳಬಹುದು, ಟ್ರಸ್ಟಿಯ ಒಳಚರ್ಚೆ ಮತ್ತು ಕಾರಣ ಮಾತ್ರ ಸಾಮಾನ್ಯವಾಗಿ ಸಿಗಲ್ಲ. ಹಾಗಾಗಿ ಮೊದಲ ಪತ್ರದಲ್ಲಿ ಏನು ಕೇಳ್ತೀರಿ, ಏನನ್ನ ಬೇಕಂತಲೇ ಕೇಳದೆ ಬಿಡ್ತೀರಿ ಅನ್ನೋದು ಲೆಕ್ಕಕ್ಕೆ ಬರುತ್ತೆ.

ಖರ್ಚಿನ ಮಾತು ಯಾರೂ ಮೊದಲು ಹೇಳಲ್ಲ, ನಾನು ಹೇಳ್ತೀನಿ. 1907ರ ಬಕ್ಟನ್ ಕೇಸಿನಿಂದ ಬಂದ ವಿಂಗಡಣೆ ಇವತ್ತಿಗೂ ಬಾಯಲ್ಲಿದೆ. ಡೀಡಿನ ಅರ್ಥ ಏನು, ಟ್ರಸ್ಟ್ ಹೇಗೆ ನಡೆಸಬೇಕು ಅಂತ ಕೋರ್ಟನ್ನ ಕೇಳಿದ್ರೆ ಸಾಮಾನ್ಯವಾಗಿ ಎಲ್ಲರ ಖರ್ಚೂ ಫಂಡಿಂದ. ನೀನು ತಪ್ಪು ಮಾಡಿದೆ ಅಂತ ಎದುರು ಬಿದ್ರೆ ಸೋತವರ ತಲೆ ಮೇಲೆ. ಒಂದೇ ಸಂಕಟವನ್ನ ಎರಡು ರೀತಿ ಕೇಳಬಹುದು. ಯಾವ ರೀತಿ ಕೇಳ್ತೀರಿ ಅನ್ನೋದರ ಮೇಲೆ ನಿಮ್ಮ ಮನೆ ಉಳಿಯುತ್ತೆ ಅಥವಾ ಹೋಗುತ್ತೆ.

ನೇರಮಾತು ಅವರೇ, ಪಬ್ಲಿಕ್ ಆಕ್ಸೆಸ್ ಇರೋದು ನಿಜ. ಆದ್ರೆ ಆಗ ಕಾಗದ ಜೋಡಿಸೋದು, ಪತ್ರ ವ್ಯವಹಾರ, ತಾರೀಖು ನೋಡ್ಕೊಳ್ಳೋದು ಹೆಚ್ಚುಕಮ್ಮಿ ನಿಮ್ಮ ತಲೆ ಮೇಲೇ ಬೀಳುತ್ತೆ. ಎರಡು ದೇಶದ ಕೇಸಿಗೆ ನಾನಂತೂ ಹೇಳಲ್ಲ. 1975ರ ಆಕ್ಟು ಹೆಂಡತಿ, ಗಂಡ, ಮಕ್ಕಳು, ಸತ್ತವರನ್ನ ಆತುಕೊಂಡು ಬದುಕಿದ್ದವರು, ಇಂಥವರಿಗೆ. ತನ್ನ ಸಂಬಳದಲ್ಲಿ ಬದುಕೋ ಅಣ್ಣನ ಮಗನಿಗೆ ಅಲ್ಲ. ಅದರ ಗಡುವು ಗ್ರ್ಯಾಂಟ್ (ಸತ್ತವರ ಆಸ್ತಿ ನೋಡ್ಕೊಳ್ಳೋಕೆ ಕೊಡೋ ಅಧಿಕಾರಪತ್ರ) ಆದ ಮೇಲೆ ಆರೇ ತಿಂಗಳು.

ಗಡುವು ಅಂದಾಗ, ರೀಡಿಂಗ್‌ನವರೇ, ಇದೊಂದನ್ನ ಇವತ್ತೇ ಬರೆದಿಟ್ಕೊಳ್ಳಿ. ಟ್ರಸ್ಟಿ ತಪ್ಪಿನ ಮೇಲೆ ದಾವೆಗೆ ಇಂಗ್ಲೆಂಡಲ್ಲಿ ಸಾಮಾನ್ಯವಾಗಿ ಆರು ವರ್ಷ, ಜರ್ಸಿಯಲ್ಲಿ ವಿಷಯ ಗೊತ್ತಾದ ದಿನದಿಂದ ಮೂರೇ ವರ್ಷ. ಆ ಪತ್ರ ಬಂದ ಲಕೋಟೆ ಇದ್ರೆ ಬಿಸಾಡಬೇಡಿ.

ಕೇಮನ್ ಕಡಲು

ಮೇಡಂ ಚೆನ್ನಾಗಿ ಬರೆದಿದ್ದಾರೆ. ಒಂದೇ ಮಾತು ಸೇರಿಸ್ತೀನಿ. ಬ್ಯಾರಿಸ್ಟರ್‌ಗೆ ಮಾತಾಡೋ ಹಕ್ಕಿಲ್ಲ ಅನ್ನೋದು ಎಲ್ಲ ದ್ವೀಪಕ್ಕೂ ಅಲ್ಲ. ನಾನಿರೋ ಕೇಮನ್ನಲ್ಲಿ ಲಂಡನ್ ಕೆಸಿಗೆ ಆ ಒಂದು ಕೇಸಿಗೆ ಮಾತ್ರ ಅಂತ ಗ್ರ್ಯಾಂಡ್ ಕೋರ್ಟ್ ಅನುಮತಿ ಕೊಡುತ್ತೆ, ಪಕ್ಕದಲ್ಲಿ ಇಲ್ಲಿಯ ಅಟಾರ್ನಿ ಇರಬೇಕು. ನಾನು ಕೋರ್ಟಿಗೆ ಕಾಗದ ಹೊರೋ ಕೆಲಸದವನು, ನೋಡಿದ್ದೀನಿ: ಮೂವತ್ತೆರಡು ಡಿಗ್ರಿ ಬಿಸಿಲಲ್ಲಿ ಲಂಡನ್ನಿಂದ ಬಂದಿಳಿದ ದೊಡ್ಡ ಮನುಷ್ಯರು ಕೋಟು ಕಳಚದೆ ಬೆವರು ಒರೆಸ್ಕೊಂಡು ಫೈಲ್ ಓದ್ತಿರ್ತಾರೆ. ನಿಮ್ಮ ಡೀಡಲ್ಲಿ ಯಾವ ದೇಶದ ಕಾನೂನು, ಯಾವ ದೇಶದ ಕೋರ್ಟು ಅಂತ ಬರೆದಿದೆ, ಆಮೇಲೆ ಯಾವಾಗಲಾದ್ರೂ ಬದಲಾಯಿಸಿದ್ದಾರಾ, ಮೊದಲು ಅದನ್ನ ನೋಡಿ. ಮಾರಿಷಸ್ಸಿಗೆ ಸಾಗಿಸಿದ ಟ್ರಸ್ಟಿನ ಜಗಳ ಜರ್ಸಿಯಲ್ಲಿ ನಡೆಸಬಹುದಾ ಅನ್ನೋ ಒಂದೇ ಪ್ರಶ್ನೆ 2014ರಲ್ಲಿ ಪ್ರಿವಿ ಕೌನ್ಸಿಲ್ ತನಕ ಹೋಯ್ತು. ಕ್ರೋಚಾನಿ ಕೇಸು. ಇಟಲಿಯ ಕುಟುಂಬ, ತಾಯಿ ಮಗಳ ಜಗಳ.

ರೀಡಿಂಗ್‌ನವನು

ಎಲ್ಲರಿಗೂ ಧನ್ಯವಾದ. ಮೇಡಂ, ನಿಮ್ಮ ಬರಹ ಪ್ರಿಂಟ್ ತೆಗೆದು ತಂಗಿಗೂ ಕೊಟ್ಟೆ.

ಐದು ವಾರದ ಸುದ್ದಿ ಹೇಳ್ತೀನಿ. ಡೀಡ್ ಸಿಕ್ತು, ಜರ್ಸಿ ಕಾನೂನೇ, ಬದಲಾಗಿಲ್ಲ. ತೆಗೆಯೋ ಅಧಿಕಾರ ಟ್ರಸ್ಟಿಗೆ, ಪ್ರೊಟೆಕ್ಟರ್ ಲಿಖಿತ ಒಪ್ಪಿಗೆ ಬೇಕು. ನೀವು ಊಹಿಸಿದ ಹಾಗೇ ಚಿಕ್ಕಪ್ಪನ ಸಹಿಯ ಮಾತೇ ಇಲ್ಲ. ಇನ್ನೊಂದು ಸಿಕ್ತು: ಚಿಕ್ಕಪ್ಪನ ಹಳೇ ಕಬ್ಬಿಣದ ಬೀರುವಿನಲ್ಲಿ 1998ರ ಲೆಟರ್ ಆಫ್ ವಿಶಸ್‌ನ (ತಮ್ಮ ಇಷ್ಟ ತಿಳಿಸಿ ಟ್ರಸ್ಟಿಗೆ ಬರೆದ ಪತ್ರ) ಝೆರಾಕ್ಸ್. ಒಂದು ಪುಟ, ಟೈಪ್ ಮಾಡಿದ್ದು. ಕೆಳಗೆ ಅವರ ಕೈಬರಹದಲ್ಲಿ, "ಅಣ್ಣನ ಮಕ್ಕಳನ್ನು ನನ್ನ ಮಕ್ಕಳಂತೆಯೇ ನೋಡತಕ್ಕದ್ದು" ಅನ್ನೋ ಅರ್ಥದ ಇಂಗ್ಲಿಷ್ ಸಾಲು. ಡಾಕ್ಟರ ಕೈಬರಹ, ನಮಗೆ ಬಿಟ್ರೆ ಬೇರೆಯವರಿಗೆ ಓದೋಕೆ ಬರಲ್ಲ.

ಬ್ಯಾರಿಸ್ಟರ್ ಗೊತ್ತು ಮಾಡೋ ಹೊತ್ತಿಗೆ ಒಂದು ಗಾಬರಿ ಆಯ್ತು, ಅದಕ್ಕೇ ಮತ್ತೆ ಬಂದೆ. ಟ್ರಸ್ಟಿ ಕಂಪನಿ ಸಲಹೆ ತಗೊಳ್ತಿರೋ ಬ್ಯಾರಿಸ್ಟರ್ ಕೂಡ ಅದೇ ಚೇಂಬರ್ಸ್‌ನವರಂತೆ, ಅಂದ್ರೆ ಬ್ಯಾರಿಸ್ಟರ್‌ಗಳು ಸೇರಿ ಕೂರೋ ಅದೇ ಆಫೀಸು! ಒಂದೇ ಬಾಗಿಲು, ಒಂದೇ ಬೋರ್ಡು. ನಮ್ಮ ಗುಟ್ಟು ಮೆಟ್ಟಿಲಲ್ಲೇ ಸೋರಿಹೋಗಲ್ವಾ? ಮತ್ತೆ ಫೀಸು ಮಾತಾಡಿದವರು ಬ್ಯಾರಿಸ್ಟರ್ ಅಲ್ಲ, ಅವರ ಕ್ಲರ್ಕ್. ಆ ಕ್ಲರ್ಕ್ ಮಾತಾಡಿದ ಧಾಟಿ ನೋಡಿದ್ರೆ ಅವರೇ ಯಜಮಾನರ ಹಾಗಿದ್ರು.

ಹಳೇ ಟ್ರಸ್ಟ್ ಆಫೀಸರ್

ಒಂದು ಮಟ್ಟಿಗೆ ಅವರೇ ಯಜಮಾನರು. ಗುಮಾಸ್ತ ಅಂದ್ಕೋಬೇಡಿ. ಯಾವ ಕೇಸಿಗೆ ಯಾರು, ಎಷ್ಟು ಫೀಸು, ಯಾವ ದಿನ, ಎಲ್ಲ ಕ್ಲರ್ಕ್ ಕೈಯಲ್ಲೇ. ಚೌಕಾಸಿ ಮಾಡೋದಿದ್ರೆ ಅವರ ಹತ್ರ ಮಾಡಬೇಕು. ಅದನ್ನೂ ನೀವಲ್ಲ, ನಿಮ್ಮ ಸಾಲಿಸಿಟರ್.

ಒಂದೇ ಚೇಂಬರ್ಸ್ ಅಂತ ಗಾಬರಿ ಬೇಡ. ಸಾಲಿಸಿಟರ್ ಫರ್ಮ್ ಅಂದ್ರೆ ಪಾಲುದಾರಿಕೆ, ಎರಡೂ ಕಡೆ ಹಿಡಿಯೋ ಹಾಗಿಲ್ಲ. ಚೇಂಬರ್ಸ್ ಹಾಗಲ್ಲ. ಒಬ್ಬೊಬ್ಬರದ್ದೂ ಸ್ವಂತ ದುಡಿಮೆ, ಬಾಡಿಗೆ ಮತ್ತು ಕ್ಲರ್ಕ್ ಖರ್ಚು ಮಾತ್ರ ಹಂಚ್ಕೊಳ್ಳೋದು. ಟ್ರಸ್ಟ್ ಕೆಲಸ ಗೊತ್ತಿರೋ ಜನವೇ ಕಮ್ಮಿ, ಒಂದೇ ಮೆಟ್ಟಿಲು ಹತ್ತೋ ಇಬ್ಬರು ಕೋರ್ಟಲ್ಲಿ ಎದುರುಬದುರು ನಿಲ್ಲೋದು ಅಲ್ಲಿ ಮಾಮೂಲು. ಕ್ಲರ್ಕ್‌ಗಳನ್ನ ಮತ್ತು ಫೈಲುಗಳನ್ನ ಬೇರೆಬೇರೆ ಇಡ್ತೀವಿ ಅಂತ ಬರವಣಿಗೇಲಿ ತಗೊಳ್ಳಿ, ಸಾಕು. ನನಗೆ ಅನ್ನಿಸೋದು, ಅದರಿಂದ ಒಂದು ಲಾಭವೂ ಇದೆ: ಇಬ್ಬರಿಗೂ ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಗೊತ್ತಿರುತ್ತೆ, ಪೊಳ್ಳು ಬೆದರಿಕೆ ನಡೆಯಲ್ಲ.

ಆ ಝೆರಾಕ್ಸ್‌ನ ಮೂಲ ಪ್ರತಿ ಟ್ರಸ್ಟಿ ಫೈಲಲ್ಲಿ ಇರಲೇಬೇಕು. ನಮ್ಮಲ್ಲಿ ಅದು ಫೈಲಿನ ಮೊದಲ ಟ್ಯಾಬು.

ರೀಡಿಂಗ್‌ನವನು

ಹೋಗಿಬಂದೆ. ಕೇಳಿದವರಿಗಾಗಿ ಬರೀತಿದ್ದೀನಿ.

ಜೂನಿಯರ್ (ಕೆಸಿ ಅಲ್ಲದ ಬ್ಯಾರಿಸ್ಟರ್) ಜೊತೆ ಕೂತ್ರೆ ಕಾನ್ಫರೆನ್ಸ್, ಕೆಸಿ ಜೊತೆ ಕೂತ್ರೆ ಕನ್ಸಲ್ಟೇಷನ್ ಅಂತೆ. ನಮ್ಮದು ಎರಡನೇದು, ಬಿಲ್ಲಲ್ಲೂ ಹಾಗೇ ಇತ್ತು. ಲಿಂಕನ್ಸ್ ಇನ್ ಒಳಗೆ, ಎರಡು ಮಹಡಿ ಹತ್ತಿ ಒಂದು ಉದ್ದನೆ ಮೇಜು. ನನ್ನ ಮನಸ್ಸಲ್ಲಿದ್ದದ್ದು ಗುಡುಗೋ ವಕೀಲರು. ಇದ್ದದ್ದು ಮೆಲ್ಲಗೆ ಮಾತಾಡೋ ಒಬ್ಬ ಹೆಂಗಸು, ಎದುರಿಗೆ ನಮ್ಮ ಡೀಡ್, ಅದರ ತುಂಬ ಹಳದಿ ಚೀಟಿ. ಗುಲಾಬಿ ದಾರ ಕಟ್ಟಿದ ಕಟ್ಟು ಒಂದಿತ್ತು, ಅದನ್ನ ಬಿಚ್ಚಲೇ ಇಲ್ಲ, ಓದಿದ್ದೆಲ್ಲ ಲ್ಯಾಪ್‌ಟಾಪಲ್ಲಿ.

ಮೊದಲ ಇಪ್ಪತ್ತು ನಿಮಿಷ ನನ್ನನ್ನ ಒಂದು ಮಾತೂ ಕೇಳಲಿಲ್ಲ, ಸಾಲಿಸಿಟರ್ ಜೊತೆ ತಾರೀಖುಗಳದ್ದೇ ಮಾತು. ಆಮೇಲೆ ನನ್ನ ಕಡೆ ತಿರುಗಿ, "ಗೆದ್ದರೆ ನಿಮಗೆ ಏನು ಸಿಗುತ್ತೆ ಅಂತ ಯಾರಾದರೂ ಹೇಳಿದ್ದಾರಾ?" ಅಂದ್ರು. ದುಡ್ಡು ಅಂದೆ. "ಇಲ್ಲ, ಪಟ್ಟಿಯಲ್ಲಿ ಹೆಸರು ವಾಪಸ್ ಬರುತ್ತೆ ಅಷ್ಟೆ" ಅಂದ್ರು. ಡಿಸ್ಕ್ರೀಷನರಿ ಟ್ರಸ್ಟಲ್ಲಿ ನಮಗೆ ಇಷ್ಟು ಅಂತ ಪಾಲೇ ಇಲ್ಲವಂತೆ, ನಮ್ಮನ್ನ ಗಣನೆಗೆ ತಗೊಳ್ಳಿ ಅನ್ನೋ ಹಕ್ಕು ಮಾತ್ರ. ಗೆದ್ದ ಮಾರನೇ ದಿನ ಟ್ರಸ್ಟಿ ಸರಿಯಾಗಿ ಯೋಚಿಸಿ, ಸರಿಯಾದ ಕಾರಣಕ್ಕೆ, ನಮಗೆ ಏನೂ ಕೊಡದೆ ಇರಬಹುದು. ತಂಗಿ ನನ್ನ ಮುಖ ನೋಡಿದ್ಲು. ಐದು ತಿಂಗಳಿಂದ ಓಡಾಡ್ತಿದ್ದೀನಿ, ಇಷ್ಟು ಸರಳ ಪ್ರಶ್ನೆ ನಾನೇ ಕೇಳ್ಕೊಂಡಿರಲಿಲ್ಲ.

ಗ್ರ್ಯಾಂಡ್ ವ್ಯೂ ಅರ್ಧ ದಾರಿ ಬರುತ್ತೆ ಅಂದ್ರು, ಮೇಡಂ ಹೇಳಿದ ಕಾರಣಕ್ಕೇ. ನಮ್ಮ ಬಲ ಇರೋದು ಬೇರೆ ಕಡೆ. ಒಪ್ಪಿಗೆ ಕೊಟ್ಟ ಪ್ರೊಟೆಕ್ಟರ್ ತಾನೇ ಫಲಾನುಭವಿ, ನಾವು ಹೋದ್ರೆ ಅವರಿಗೇ ಲಾಭ. ಜೊತೆಗೆ ಆ ಝೆರಾಕ್ಸ್. ಟ್ರಸ್ಟಿ ಆ ಪತ್ರವನ್ನ ನೋಡಿ ತೀರ್ಮಾನ ಮಾಡಿದ್ರಾ, ನೋಡದೇನಾ, ಅದೊಂದನ್ನೇ ಮೊದಲು ಕೇಳೋಣ ಅಂದ್ರು. ಪತ್ರದ ಕರಡು ಅವರದ್ದು, ಕಳಿಸಿದ್ದು ಅಡ್ವೊಕೇಟ್ ಹೆಸರಲ್ಲಿ. ಒಂದು ಪುಟಕ್ಕೂ ಕಮ್ಮಿ. ಚಿಕ್ಕಪ್ಪ ಆಸ್ಪತ್ರೆಯಲ್ಲಿದ್ದ ವಿಷಯ ಅದರಲ್ಲಿ ಇಲ್ಲವೇ ಇಲ್ಲ. ನಾನು ಸೇರಿಸಿ ಅಂತ ಎರಡು ಸಲ ಕೇಳಿದೆ, ಎರಡು ಸಲವೂ ಬೇಡ ಅಂದ್ರು.

ಹತ್ತೇ ದಿನಕ್ಕೆ ಉತ್ತರ ಬಂತು. ಮುಂದೆ ತೀರ್ಮಾನ ಆಗೋ ತನಕ ಫಂಡಿಂದ ಯಾರಿಗೂ ಏನೂ ಹಂಚಲ್ಲ ಅಂತ ಮುಚ್ಚಳಿಕೆ, ಜೊತೆಗೆ ಆರು ವರ್ಷದ ಲೆಕ್ಕ. ಪತ್ರ ನೋಡಿದ್ರಾ ಇಲ್ಲವಾ ಅನ್ನೋದಕ್ಕೆ ಉತ್ತರ ಇಲ್ಲ. ಬದಲಿಗೆ, ಮೀಡಿಯೇಷನ್‌ಗೆ ಕೂರೋಣ ಅಂದಿದ್ದಾರೆ. ಚಿಕ್ಕಮ್ಮನೂ ಬರ್ತಾರಂತೆ. ಮುಂದಿನ ತಿಂಗಳು ಸೇಂಟ್ ಹೆಲಿಯರ್‌ಗೆ ಹೋಗಬೇಕು, ನಾನು ಮತ್ತು ತಂಗಿ ಇಬ್ಬರೂ. ಆಗದೆ ಹೋಗಿ ಕೋರ್ಟಿಗೆ ಹೋದ್ರೆ ಊರಿಗೆಲ್ಲ ಗೊತ್ತಾಗುತ್ತಾ ಅಂತ ತಂಗಿ ಕೇಳ್ತಿದ್ದಾಳೆ.

ಹಳೇ ಟ್ರಸ್ಟ್ ಆಫೀಸರ್

ಎರಡು ಸಲ ಬೇಡ ಅಂದ್ರಲ್ಲ, ಆ ಬೇಡಕ್ಕೇ ನೀವು ಫೀಸು ಕೊಟ್ಟದ್ದು.

ತಂಗಿಗೆ ಹೇಳಿ: ಟ್ರಸ್ಟ್ ನಡೆಸೋ ವಿಚಾರದ ಅರ್ಜಿಗಳನ್ನ ರಾಯಲ್ ಕೋರ್ಟ್ ಬಹುಮಟ್ಟಿಗೆ ಬಾಗಿಲು ಹಾಕ್ಕೊಂಡೇ ಕೇಳುತ್ತೆ. ತೀರ್ಪು ಹೊರಗೆ ಬಂದ್ರೂ ಎಷ್ಟೋ ಸಲ ಹೆಸರು ತೆಗೆದು, ಎ ಟ್ರಸ್ಟ್, ಬಿ ಟ್ರಸ್ಟ್ ಅಂತ ಅಕ್ಷರ ಮಾತ್ರ. ನೇರ ಜಗಳಕ್ಕಿಳಿದ್ರೆ ಆ ಮರೆ ಸಿಗುತ್ತೆ ಅಂತ ಭರವಸೆ ಇಲ್ಲ, ಚಿಕ್ಕಮ್ಮನ ಕಡೆಯವರಿಗೂ ಅದು ಗೊತ್ತಿರುತ್ತೆ. ಮೀಡಿಯೇಷನ್‌ಗೆ ಒಪ್ಪಿರೋದರಲ್ಲಿ ಅದರ ಪಾಲೂ ಇದೆ ಅಂತ ನನ್ನ ಗುಮಾನಿ.

ಹೋಗುವಾಗ ಝೆರಾಕ್ಸ್ ಅಲ್ಲಿಗೆ ತಗೊಂಡು ಹೋಗಬೇಡಿ, ಸಾಲಿಸಿಟರ್ ಹತ್ರ ಇರಲಿ, ನಿಮ್ಮ ಕೈಲಿ ಅದರ ಪ್ರತಿ ಸಾಕು. ಸ್ವೆಟರ್ ಇರಲಿ, ಬಂದರಿನ ಗಾಳಿ ಜೂನಲ್ಲೂ ಬಿಡಲ್ಲ. ಮತ್ತೆ ಅಲ್ಲಿ ಚಿಲ್ಲರೆಗೆ ಒಂದು ಪೌಂಡಿನ ನೋಟು ಕೊಡ್ತಾರೆ, ಜರ್ಸಿದು. ವಾಪಸ್ ಬರೋ ಮುಂಚೆ ಅಲ್ಲೇ ಖರ್ಚು ಮಾಡಿಬಿಡಿ, ರೀಡಿಂಗಲ್ಲಿ ಅಂಗಡಿಯವರು ಹಿಂದೆಮುಂದೆ ತಿರುಗಿಸಿ ನೋಡಿ ವಾಪಸ್ ಕೊಡ್ತಾರೆ.